ನುಸ್ಖಾ ಯಾರಿಗೆ ಬರೆದದ್ದು?

ಉರ್ದುವಿನಲ್ಲಿ ‘ನುಸ್ಖಾ’ ಎಂಬ ಶಬ್ದಕ್ಕೆ ಎರಡು ಅರ್ಥಗಳಿವೆ. ಹಕೀಮರು ರೋಗಿಗೆ ಬರೆದುಕೊಡುವ ಔಷಧದ ಚೀಟಿ ಒಂದು. ಕೈಬರಹದ ಪ್ರತಿ ಇನ್ನೊಂದು. ಭೋಪಾಲದಲ್ಲಿ ಸಿಕ್ಕಿ 1921ರಲ್ಲಿ ಅಚ್ಚಾದ ಗಾಲಿಬನ ಹಳೆಯ ದೀವಾನಿಗೆ ‘ನುಸ್ಖಾ-ಎ-ಹಮೀದಿಯಾ’ ಎಂದೇ ಹೆಸರು. ಫೈಜ್ ಅಹಮದ್ ಫೈಜರ ಸಮಗ್ರ ಕಾವ್ಯಕ್ಕೆ ‘ನುಸ್ಖಾ ಹಾಯೆ ವಫಾ’ ಎಂಬ ಹೆಸರು ಬಂದಾಗ ಈ ಎರಡೂ ಅರ್ಥಗಳು ಒಟ್ಟಿಗೇ ಮಿಡಿದವು. ಗಾಲಿಬನ ಕಾಲದವರೇ ಆದ ಮೋಮಿನ್ ಖಾನ್ ಮೋಮಿನ್ ದೆಹಲಿಯ ಹಕೀಮರ ಮನೆತನದವರು, ಸ್ವತಃ ಹಕೀಮಿ ಕಲಿತವರು. ಪಾರ್ಸಿಯ ಫರೀದುದ್ದೀನ್ ಅತ್ತಾರರ ಹೆಸರಿನಲ್ಲಂತೂ ಮದ್ದಿನ ಅಂಗಡಿಯೇ ಇದೆ.

ಹೀಗಿರುವಾಗ ನುಸ್ಖಾವನ್ನು ಬರಹದ ಒಂದು ಪ್ರಕಾರವೆಂದು ಓದಿದರೆ ಹಕೀಮರು ನಮ್ಮ ಮೇಲೆ ಸಿಟ್ಟಾಗಲಾರರು. ಈ ಬರಹಕ್ಕೆ ಒಂದು ವಿಚಿತ್ರ ಲಕ್ಷಣವಿತ್ತು. ಅದನ್ನು ಒಬ್ಬನೇ ಒಬ್ಬ ಮನುಷ್ಯನಿಗಾಗಿ, ಅವನ ಈ ವಾರದ ದೇಹಕ್ಕಾಗಿ ಬರೆಯುತ್ತಿದ್ದರು. ಮುಂದಿನ ವಾರ ಅವನಿಗೇ ಅದು ಸಲ್ಲುತ್ತದೆಂಬ ಖಾತರಿ ಇರಲಿಲ್ಲ. ಅಂಥ ಬರಹ ಇಂದು ಡಬ್ಬಿಯ ಮೇಲಿನ ಚೀಟಿಯಾಗಿ, ಮೊಬೈಲಿನಿಂದ ಮೊಬೈಲಿಗೆ ಹಾರುವ ಸಂದೇಶವಾಗಿ, ವಿಳಾಸವೇ ಇಲ್ಲದ ಕಾಗದದಂತೆ ಎಲ್ಲರ ಮನೆಯ ಬಾಗಿಲು ತಟ್ಟುತ್ತಿದೆ. ನಮ್ಮ ತಕರಾರು ಇರುವುದು ಇಲ್ಲಿ.

ನುಸ್ಖಾದ ಕಟ್ಟುವಿಕೆಯನ್ನು ಸ್ವಲ್ಪ ಬಿಡಿಸಿ ನೋಡೋಣ. ಚೀಟಿಯ ನೆತ್ತಿಯಲ್ಲಿ ‘ಹುವಶ್ಶಾಫಿ’ ಎಂದಿರುತ್ತಿತ್ತು. ಗುಣ ಕೊಡುವವನು ಅವನೇ ಎಂದರ್ಥ. ಇದನ್ನು ಬರಿಯ ಭಕ್ತಿಯೆಂದು ನಾವು ಓದುವುದಿಲ್ಲ. ವೈದ್ಯನು ತನ್ನ ಕೈಯ ಮಿತಿಯನ್ನು ಮೊದಲ ಸಾಲಿನಲ್ಲೇ ಒಪ್ಪಿಕೊಂಡು ಮುಂದೆ ಹೋಗುತ್ತಿದ್ದ. ಅದರ ಕೆಳಗೆ ಮದ್ದುಗಳ ಸಾಲು. ನೆಗಡಿ ಕೆಮ್ಮಿನ ಜೋಶಾಂದಾ, ಅಂದರೆ ಕಷಾಯ, ಎಲ್ಲರಿಗೂ ಗೊತ್ತಿರುವ ಉದಾಹರಣೆ: ಉನ್ನಾಬ್ ಎಂಬ ಬೋರೆ ಜಾತಿಯ ಒಣಹಣ್ಣು ಐದು, ಸಪಿಸ್ತಾನ್ ಅಂದರೆ ನಮ್ಮ ಚಳ್ಳೆಹಣ್ಣು ಒಂಬತ್ತು, ಬನಫ್ಶಾ ಹೂವು, ಖತ್ಮಿಯ ಬೀಜ, ಖುಬ್ಬಾಜಿಯ ಬೀಜ, ಅತಿಮಧುರದ ಬೇರು. ಹಣ್ಣುಗಳಿಗೆ ಎಣಿಕೆ, ಉಳಿದವಕ್ಕೆ ತೂಕ. ತೊಲೆಗೆ 12 ಮಾಶಾ, ಮಾಶಾಕ್ಕೆ 8 ಗುಲಗಂಜಿ. ಮಾಶಾ ಎಂದರೆ ಇಂದಿನ ಲೆಕ್ಕದಲ್ಲಿ ಒಂದು ಗ್ರಾಮಿಗೆ ಕೂದಲೆಳೆ ಕಡಿಮೆ. ರಾತ್ರಿ ನೆನೆಸುವುದೋ, ಕುದಿಸುವುದೋ, ಎಷ್ಟು ಇಂಗಿಸುವುದು, ಕಿವುಚಿ ಸೋಸುವುದೋ ಸುಮ್ಮನೆ ಸೋಸುವುದೋ, ಯಾವುದರೊಂದಿಗೆ ಕುಡಿಯುವುದು ಎಂಬುದೆಲ್ಲ ಅದರ ಕೆಳಗೆ. ಕೊನೆಗೆ ಪರ್‌ಹೇಜ್, ಅಂದರೆ ಪಥ್ಯ.

ಆದರೆ ಇಷ್ಟನ್ನು ನಕಲು ಮಾಡಿದವನು ಹಕೀಮನಾಗುವುದಿಲ್ಲ. ಕೆಮ್ಮು ಒಣಗಿದ್ದು, ಗಂಟಲು ಉರಿಯುತ್ತಿದ್ದು, ರೋಗಿ ಉಷ್ಣ ಪ್ರಕೃತಿಯವನಾಗಿದ್ದರೆ ಚೀಟಿಯೊಳಕ್ಕೆ ಬಿಹಿದಾಣಾ ಬರುತ್ತದೆ. ನೀರಿನಲ್ಲಿ ಹಾಕಿದರೆ ಲೋಳೆ ಬಿಡುವ ಬೀಜ ಅದು. ಎದೆಯಲ್ಲಿ ಕಫ ಗಟ್ಟಿಯಾಗಿದ್ದರೆ ಬಿಹಿದಾಣಾ ಹೊರಗೆ, ಜೂಫಾ ಒಳಗೆ. ಸಕ್ಕರೆ ಕಾಯಿಲೆಯವನಾದರೆ ಕಲ್ಲುಸಕ್ಕರೆ ಕೈಬಿಟ್ಟಿತು. ಬಸುರಿಯಾದರೆ ಮುಟ್ಟು ತರಿಸುವ ಗುಣದ ಯಾವುದೂ ಹತ್ತಿರ ಸುಳಿಯಕೂಡದು. ಹಿಜಾಮಾ ಮಾಡಿಸಿಕೊಂಡು ನಿತ್ರಾಣನಾದವನಿಗೆ ಒಂದು ತೂಕ, ಗದ್ದೆಯಲ್ಲಿ ದುಡಿಯುವವನಿಗೆ ಇನ್ನೊಂದು. ಹಕೀಮರ ಭಾಷೆಯಲ್ಲಿ ಇದಕ್ಕೆ ಮಿಜಾಜ್ ನೋಡುವುದು ಎನ್ನುತ್ತಾರೆ. ನಾಡಿ, ಮೂತ್ರ, ನಾಲಿಗೆ, ನಿದ್ದೆ, ಋತು, ಊರಿನ ಹವೆ, ಕಸುಬು ಎಲ್ಲವೂ ಅದರೊಳಗೆ ಬರುತ್ತವೆ.

ಹಳೆಯ ಔಷಧ ಗ್ರಂಥಗಳನ್ನು ತೆರೆದರೆ ನಮಗೆ ಹೆಚ್ಚು ಇಷ್ಟವಾಗುವುದು ಅವು ಒಂದೊಂದು ಮೂಲಿಕೆಯ ಬಗೆಗೂ ಬರೆದಿಡುವ ಮೂರು ಸಂಗತಿಗಳು. ಇದರಿಂದ ಯಾವ ಅಂಗಕ್ಕೆ ಹಾನಿ, ಅದು ‘ಮುಜಿರ್’. ಆ ಹಾನಿಯನ್ನು ತಿದ್ದುವುದು ಯಾವುದು, ಅದು ‘ಮುಸ್ಲಿಹ್’. ಸಿಗದಿದ್ದರೆ ಬದಲಿಗೆ ಏನು, ಅದು ‘ಬದಲ್’. ಹಾನಿಯೇ ಇಲ್ಲದ ಮದ್ದು ಎಂಬ ಕಲ್ಪನೆ ಆ ಪುಸ್ತಕಗಳಿಗೆ ತೀರಾ ಅಪರಿಚಿತ. ನುಸ್ಖಾದಲ್ಲಿ ಮುಖ್ಯ ಮದ್ದಿನ ಪಕ್ಕದಲ್ಲಿ ಅದರ ತಪ್ಪನ್ನು ತಿದ್ದುವ ಮದ್ದು ಕೂತಿರುತ್ತದೆ. ಅವನ್ನು ನೋವಿನ ಜಾಗದವರೆಗೆ ಕರೆದೊಯ್ಯುವ ‘ಬದ್ರಕಾ’ ಎಂಬುದೊಂದು ಇರುತ್ತದೆ. ಬದ್ರಕಾ ಎಂದರೆ ದಾರಿಯಲ್ಲಿ ಕಾವಲಿಗೆ ಹೋಗುವವನು. ಇಂದಿನ ಡಬ್ಬಿಗಳ ಮೇಲೆ ‘ಯಾವುದೇ ಅಡ್ಡ ಪರಿಣಾಮವಿಲ್ಲ’ ಎಂಬ ಸಾಲನ್ನು ಓದಿದಾಗಲೆಲ್ಲ ಇದನ್ನು ಬರೆದವರು ತಮ್ಮ ಹಿರಿಯರ ಪುಸ್ತಕ ಮುಟ್ಟಿಲ್ಲವೆಂದು ನಮಗೆ ಅನಿಸುತ್ತದೆ.

ದೀರ್ಘ ಕಾಯಿಲೆಗಳಲ್ಲಿ ಇನ್ನೂ ಒಂದು ಹೆಜ್ಜೆ ಇತ್ತು. ಮೊದಲು ‘ಮುನ್ಜಿಜ್’ ಕೊಟ್ಟು ಕೆಟ್ಟ ರಸವನ್ನು ಪಕ್ವ ಮಾಡುವುದು, ಆಮೇಲೆ ‘ಮುಸ್ಹಿಲ್’ ಕೊಟ್ಟು ಹೊರಗೆ ಹಾಕುವುದು. ಪಿತ್ತಕ್ಕೆ ಕಡಿಮೆ ದಿನ, ಕಫಕ್ಕೆ ಹೆಚ್ಚು, ಸೌದಾಕ್ಕೆ ಎಲ್ಲಕ್ಕಿಂತ ಹೆಚ್ಚು. ರೋಗಿ ನಡುವೆ ಬಂದು ತೋರಿಸಿಕೊಳ್ಳಬೇಕು, ಹಕೀಮರು ಚೀಟಿ ತಿದ್ದಬೇಕು. ನಾಲ್ಕು ರಸಗಳ ಈ ಸಿದ್ಧಾಂತವನ್ನು ಇಂದಿನ ಶರೀರಶಾಸ್ತ್ರ ಒಪ್ಪುವುದಿಲ್ಲ. ನಾವೂ ಅದರ ವಕಾಲತ್ತು ವಹಿಸಿ ಬರೆಯುತ್ತಿಲ್ಲ. ಆದರೆ ಆ ಸಿದ್ಧಾಂತ ವೈದ್ಯನನ್ನು ರೋಗಿಯ ಮುಖ ಮತ್ತೆ ಮತ್ತೆ ನೋಡುವಂತೆ ಮಾಡುತ್ತಿತ್ತೆಂಬುದು ಸಣ್ಣ ಮಾತಲ್ಲ.

ಚೀಟಿ ಅಲ್ಲಿಂದ ಅತ್ತಾರರ ಅಂಗಡಿಗೆ ಹೋಗುತ್ತಿತ್ತು. ಕನ್ನಡದಲ್ಲಿ ಇದಕ್ಕೆ ಗ್ರಂಥಿಗೆ ಅಂಗಡಿ ಎಂಬ ಚೆಂದದ ಹೆಸರಿದೆ, ಬೆಂಗಳೂರಿನ ಪೇಟೆ ಬೀದಿಗಳಲ್ಲಿ ಈಗಲೂ ಕೇಳುತ್ತೇವೆ. ಹಕೀಮರ ಚೀಟಿಯನ್ನೂ ಪಂಡಿತರ ಚೀಟಿಯನ್ನೂ ಒಂದೇ ತಕ್ಕಡಿ ತೂಗುತ್ತಿತ್ತು. ಇದರ ಇನ್ನೊಂದು ಮುಖವನ್ನು ಮರೆಯಬಾರದು. ಚೀಟಿಯಲ್ಲಿ ಬರೆದದ್ದೇ ಪೊಟ್ಟಣದೊಳಗೆ ಹೋಯಿತೆಂದು ಹೇಳುವವರು ಯಾರು? ‘ಗಾವ್‌ಜಬಾನ್’ ಎಂದರೆ ಎತ್ತಿನ ನಾಲಿಗೆ. ಒರಟು ಎಲೆಯ ಬೇರೆ ಬೇರೆ ಗಿಡಗಳು ಆ ಹೆಸರಿನಲ್ಲಿ ಮಾರಾಟವಾಗುತ್ತವೆ. ನಾವು ಚಟ್ನಿಗೆ ಅರೆಯುವ ಒಂದೆಲಗವನ್ನು ಬ್ರಾಹ್ಮಿ ಎನ್ನುತ್ತೇವೆ, ನೀರಿನ ಬದಿಯ ಇನ್ನೊಂದು ಗಿಡವನ್ನೂ ಬ್ರಾಹ್ಮಿ ಎನ್ನುತ್ತಾರೆ. ಎರಡೂ ಬೇರೆ ಕುಟುಂಬದವು.

ಹೆಸರಿನ ಗೊಂದಲ ಎಲ್ಲಿಗೆ ಮುಟ್ಟಬಲ್ಲದೆಂಬುದಕ್ಕೆ ಬೆಲ್ಜಿಯಂ ಸಾಕ್ಷಿ. 1990ರ ದಶಕದ ಆರಂಭದಲ್ಲಿ ಬ್ರಸೆಲ್ಸಿನ ಒಂದು ಕಡೆ ಮೈ ಇಳಿಸಲು ಚೀನೀ ಮೂಲಿಕೆ ಸೇರಿಸಿದ ಮಿಶ್ರಣ ತೆಗೆದುಕೊಂಡ ಹೆಂಗಸರ ಮೂತ್ರಪಿಂಡಗಳು ಕೆಟ್ಟವು. ನೂರಕ್ಕೂ ಹೆಚ್ಚು ಮಂದಿ ಪೆಟ್ಟು ತಿಂದರು. ಒಂದು ಬೇರಿನ ಜಾಗದಲ್ಲಿ ಹೆಸರು ಹೋಲುವ ಅರಿಸ್ಟೊಲೋಕಿಯಾ ಜಾತಿಯ ಬೇರು ಬಂದಿತ್ತು. ಅದೇ ಜಾತಿಯ ಗಿಡ ನಮ್ಮ ಯುನಾನಿ ಗ್ರಂಥಗಳಲ್ಲಿ ‘ಜರಾವಂದ್’ ಎಂಬ ಹೆಸರಿನಲ್ಲಿ ಶತಮಾನಗಳಿಂದ ಕೂತಿದೆ. ಇಷ್ಟು ಕಾಲ ಬಳಸಿದ್ದೇವೆ, ಆದ್ದರಿಂದ ಅಪಾಯವಿಲ್ಲ ಎಂಬ ವಾದ ಇಲ್ಲಿ ಕುಸಿಯುತ್ತದೆ. ಮೂತ್ರಪಿಂಡ ನಿಧಾನವಾಗಿ ಕೆಡುತ್ತದೆ, ಅಷ್ಟರಲ್ಲಿ ರೋಗಿ ಯಾವ ಪುಡಿ ತಿಂದಿದ್ದನೆಂಬುದನ್ನೇ ಮರೆತಿರುತ್ತಾನೆ.

ಮನೆಯ ಹೆಂಗಸರ ಮಾತನ್ನು ಯುನಾನಿಯ ಚರಿತ್ರೆಕಾರರು ಹೇಳುವುದು ಕಡಿಮೆ. ಹಕೀಮರ ಕಡೆಗೆ ಹೋಗದೆಯೇ ವ್ಯಕ್ತಿಗೆ ತಕ್ಕಂತೆ ಮದ್ದು ಕಟ್ಟಿದವರು ಅವರೇ. ಬಾಣಂತಿಗೆ ಕಾಸುವ ಹರೀರಾ, ಕರಾವಳಿಯಲ್ಲಿ ಕುದಿಸಿ ಗಟ್ಟಿ ಮಾಡುವ ಲೇಹ, ಇವುಗಳ ಲೆಕ್ಕ ಯಾವ ಬಯಾಜಿನಲ್ಲೂ ಇಲ್ಲ. ದೊಡ್ಡ ಮಗಳ ಹೆರಿಗೆಯಲ್ಲಿ ಹಾಕಿದ ಮೆಣಸು ಚಿಕ್ಕ ಮಗಳ ಹೆರಿಗೆಯಲ್ಲಿ ಅರ್ಧಕ್ಕಿಳಿಯುತ್ತದೆ. ಏಕೆಂದರೆ ಅವಳಿಗೆ ಎಳೆತನದಿಂದಲೇ ಬಾಯಿಹುಣ್ಣು. ‘ಇವಳ ಮೈ ಇದನ್ನು ತಡೆಯಾಕಿಲ್ಲ ಬಿಡವ್ವಾ’ ಎನ್ನುವ ಅಜ್ಜಿಯೂ ಮಿಜಾಜ್ ನೋಡಿದವಳೇ. ಆ ಜ್ಞಾನದಲ್ಲಿ ತಪ್ಪುಗಳೂ ಇದ್ದವು. ಬಾಣಂತಿಗೆ ನೀರು ಕೊಡದೆ ಒಣಗಿಸಿದ್ದೂ ಅದೇ ಅಜ್ಜಿಯರು. ಆದರೆ ಅಂಗಡಿಯಿಂದ ಬರುವ ಸಿದ್ಧ ಲೇಹದ ಡಬ್ಬಿಗೆ ಚಿಕ್ಕ ಮಗಳ ಬಾಯಿಹುಣ್ಣು ಗೊತ್ತಿಲ್ಲ.

ಯುನಾನಿಯನ್ನು ಮುಸ್ಲಿಮರ ವೈದ್ಯವೆಂದೂ ಆಯುರ್ವೇದವನ್ನು ಹಿಂದೂಗಳ ವೈದ್ಯವೆಂದೂ ಹಂಚಿ ಕೊಡುವ ಚಾಳಿ ಈಗ ಬಲವಾಗಿದೆ. ಎರಡೂ ಕಡೆಯ ಭಕ್ತರು ಒಂದು ಡಬ್ಬಿ ಇತ್ರೀಫಲ್ ಕೊಂಡು ಅದರ ಹೆಸರನ್ನು ಗಟ್ಟಿಯಾಗಿ ಓದಲಿ. ಅದು ನಮ್ಮ ತ್ರಿಫಲಾ; ಅರಬ್ಬಿಗೆ ಹೋಗಿ, ಉಡುಪು ಬದಲಿಸಿ, ಹಿಂದಕ್ಕೆ ಬಂದದ್ದು. ಹಲೇಲಾ, ಬಲೇಲಾ, ಆಮ್ಲಾ ಎಂದರೆ ಅಳಲೆಕಾಯಿ, ತಾರೆಕಾಯಿ, ನೆಲ್ಲಿಕಾಯಿ. ಬಿಜಾಪುರದಲ್ಲಿ ಇಬ್ರಾಹಿಂ ಆದಿಲ್ ಶಾಹನ ಆಶ್ರಯದಲ್ಲಿದ್ದ ಫಿರಿಶ್ತಾನನ್ನು ನಾವು ಇತಿಹಾಸಕಾರನೆಂದಷ್ಟೇ ಬಲ್ಲೆವು. ಭಾರತೀಯ ವೈದ್ಯದ ಬಗ್ಗೆ ‘ದಸ್ತೂರುಲ್ ಅತಿಬ್ಬಾ’ ಎಂಬ ಪುಸ್ತಕವನ್ನು ಅವನು ಪಾರ್ಸಿಯಲ್ಲಿ ಬರೆದಿದ್ದಾನೆ. ಹಕೀಮ್ ಅಜ್ಮಲ್ ಖಾನ್ ದೆಹಲಿಯಲ್ಲಿ ಕಟ್ಟಿದ, 1921ರಲ್ಲಿ ಗಾಂಧೀಜಿ ಉದ್ಘಾಟಿಸಿದ ಕಾಲೇಜಿನ ಹೆಸರಿನಲ್ಲಿ ಆಯುರ್ವೇದವೂ ಇದೆ, ಯುನಾನಿಯೂ ಇದೆ. ಅವರ ಹೆಸರು ಉಳಿದಿರುವ ಇನ್ನೊಂದು ಜಾಗ ರಸಾಯನಶಾಸ್ತ್ರ. 1931ರಲ್ಲಿ ಸಲೀಮುಜ್ಜಮಾನ್ ಸಿದ್ದೀಕಿ ಸರ್ಪಗಂಧಿಯ ಬೇರಿನಿಂದ ಬೇರ್ಪಡಿಸಿದ ಒಂದು ಸಾರಕ್ಕೆ ಅಜ್ಮಲೀನ್ ಎಂದು ಹೆಸರಿಟ್ಟರು. ಬೇರಿನ ಪುಡಿಯಿಂದ ಒಂದು ಅಣುವಿನವರೆಗಿನ ದಾರಿಗೆ ಅಜ್ಮಲ್ ಖಾನರು ಅಡ್ಡ ನಿಲ್ಲಲಿಲ್ಲ. ಹಳೆಯದರ ಹೆಸರಿನಲ್ಲಿ ಹೊಸದನ್ನು ಬೈಯುವ ನಮ್ಮ ಸಭಾ ಭಾಷಣಕಾರರಿಗೆ ಇದು ನೆನಪಿದ್ದರೆ ಒಳ್ಳೆಯದು.

ಈಗ ಡಬ್ಬಿಯ ಮಾತು. 1906ರಲ್ಲಿ ದೆಹಲಿಯಲ್ಲಿ ಹಕೀಮ್ ಅಬ್ದುಲ್ ಮಜೀದ್ ಹಮ್‌ದರ್ದ್ ದವಾಖಾನೆ ತೆರೆದರು. 1930ರಲ್ಲಿ ಡೆಹ್ರಾಡೂನಿನಲ್ಲಿ ಮೊಹಮ್ಮದ್ ಮನಾಲ್ ಹಿಮಾಲಯ ಕಂಪನಿ ಕಟ್ಟಿದರು. ಅದು 1970ರ ದಶಕದಲ್ಲಿ ಬೆಂಗಳೂರಿಗೆ ಬಂದು ನಮ್ಮದೇ ಆಯಿತು. ಈ ಉದ್ಯಮಗಳನ್ನು ಬೈದು ಮುಗಿಸುವುದು ಸುಲಭ, ಆದರೆ ನ್ಯಾಯವಲ್ಲ. ಕುಟ್ಟಲು ಸೋಸಲು ಆಳುಕಾಳು ಇಲ್ಲದ ಬಡವನಿಗೆ, ಹಕೀಮರೇ ಇಲ್ಲದ ಊರಿಗೆ ಮದ್ದು ಮುಟ್ಟಿದ್ದು ಡಬ್ಬಿಯಿಂದಲೇ. ಒಂದೇ ಅಳತೆ, ಒಂದೇ ಗುಣಮಟ್ಟ, ಕೆಟ್ಟರೆ ಹಿಡಿದು ಕೇಳಲು ಒಂದು ವಿಳಾಸ, ಇವು ಸಣ್ಣ ಲಾಭಗಳಲ್ಲ. ದೇಶ ವಿಭಜನೆಯಾದಾಗ ದೆಹಲಿಯಲ್ಲೇ ಉಳಿದ ಹಕೀಮ್ ಅಬ್ದುಲ್ ಹಮೀದ್ 1948ರಲ್ಲಿ ಹಮ್‌ದರ್ದನ್ನು ವಕ್ಫ್ ಮಾಡಿ ಲಾಭವನ್ನು ಶಿಕ್ಷಣಕ್ಕೆ ತಿರುಗಿಸಿದರು. ಅಂಥ ದೊಡ್ಡತನ ನಮ್ಮ ಉದ್ಯಮಿಗಳಲ್ಲಿ ಎಷ್ಟು ಜನರಲ್ಲಿದೆ?

ತೊಂದರೆ ಬೇರೆ ಕಡೆ ಇದೆ. ಮಾಜೂನಿನಲ್ಲಿ ಮದ್ದಿನ ಪುಡಿಯ ಎರಡು ಮೂರು ಪಾಲು ಜೇನು ಅಥವಾ ಸಕ್ಕರೆ ಪಾಕ ಇರುತ್ತದೆ. ಖಮೀರಾ ಅಂತೂ ಸಕ್ಕರೆಯದ್ದೇ ರಾಜ್ಯ. ಭಾರತದಲ್ಲಿ 10 ಕೋಟಿಗೂ ಹೆಚ್ಚು ಜನಕ್ಕೆ ಸಕ್ಕರೆ ಕಾಯಿಲೆ ಇದೆಯೆಂದು ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆ 2023ರಲ್ಲಿ ಹೇಳಿತು. ಎದೆಗೆ ಬಲ ಬರಲೆಂದು ಮಗ ತಂದುಕೊಟ್ಟ ಖಮೀರಾವನ್ನು ದಿನಕ್ಕೆ ಎರಡು ಚಮಚ ನೆಕ್ಕುವ ಅಬ್ಬಾಜಾನ್‌ಗೆ ಸಕ್ಕರೆ ಏರಿದರೆ ತಪ್ಪು ಖಮೀರಾದ್ದೆನ್ನಲು ಆಗದು. ನಾಡಿ ಹಿಡಿದ ಹಕೀಮರಾಗಿದ್ದರೆ ಪಾಕ ಬಿಟ್ಟು ಸಫೂಫ್, ಅಂದರೆ ಬರಿಯ ಪುಡಿ, ಬರೆಯುತ್ತಿದ್ದರು. ಡಬ್ಬಿ ಯಾರ ನಾಡಿಯನ್ನೂ ಹಿಡಿಯುವುದಿಲ್ಲ. ಸಕ್ಕರೆ ಇಲ್ಲದ ಡಬ್ಬಿಗಳೂ ಈಗ ಬಂದಿವೆ ನಿಜ, ಆದರೆ ಯಾವುದು ಯಾರಿಗೆಂದು ಆರಿಸುವ ಕೆಲಸ ಅಂಗಡಿಯ ಹುಡುಗನ ಪಾಲಿಗೆ ಬಿದ್ದಿದೆ.

ಹಾಗಾದರೆ ಒಬ್ಬೊಬ್ಬರಿಗೂ ಬೇರೆ ಬೇರೆ ಬರೆದ ನುಸ್ಖಾ ನಿಜಕ್ಕೂ ಹೆಚ್ಚು ಗುಣ ಕೊಡುತ್ತದೆಯೇ? ಇದನ್ನು ಕೇಳದೆ ಹಕೀಮರನ್ನು ಹೊಗಳುತ್ತ ಹೋದರೆ ನಾವು ಬರೆಯುವುದು ವಿಮರ್ಶೆಯಾಗದೆ ಕಸೀದಾ ಆಗುತ್ತದೆ. ಯುನಾನಿಯ ನೆರೆಯಾದ ಚೀನೀ ವೈದ್ಯದಲ್ಲಿ ಇಂಥ ಒಂದು ಪರೀಕ್ಷೆ ಆಸ್ಟ್ರೇಲಿಯಾದಲ್ಲಿ ನಡೆದು 1998ರಲ್ಲಿ ಪ್ರಕಟವಾಯಿತು. ಕರುಳಿನ ಕಿರಿಕಿರಿಯ 116 ರೋಗಿಗಳನ್ನು ಮೂರು ಪಂಗಡ ಮಾಡಿ, ಒಂದಕ್ಕೆ ಎಲ್ಲರಿಗೂ ಒಂದೇ ಬಗೆಯ ಮೂಲಿಕೆ ಮಿಶ್ರಣ, ಇನ್ನೊಂದಕ್ಕೆ ವ್ಯಕ್ತಿಗೆ ತಕ್ಕ ಮಿಶ್ರಣ, ಮೂರನೆಯದಕ್ಕೆ ಹುಸಿ ಮದ್ದು ಕೊಟ್ಟರು. 16 ವಾರಗಳ ಚಿಕಿತ್ಸೆಯ ಕೊನೆಗೆ ಮೊದಲೆರಡು ಪಂಗಡಗಳೂ ಹುಸಿ ಮದ್ದಿನವರಿಗಿಂತ ಸುಧಾರಿಸಿದ್ದವು. ವ್ಯಕ್ತಿಗೆ ತಕ್ಕ ಮಿಶ್ರಣ ಸಿದ್ಧ ಮಿಶ್ರಣವನ್ನು ಮೀರಿಸಲಿಲ್ಲ. ಆದರೆ ಮದ್ದು ನಿಲ್ಲಿಸಿ 14 ವಾರ ಕಳೆದ ಮೇಲೆ ಸುಧಾರಣೆ ಉಳಿದದ್ದು ವ್ಯಕ್ತಿಗೆ ತಕ್ಕ ಮಿಶ್ರಣ ಪಡೆದವರಲ್ಲಿ ಮಾತ್ರ. 2007ರಲ್ಲಿ ಇಂಗ್ಲೆಂಡಿನ ವಿಮರ್ಶಕರು ಈ ಬಗೆಯ ಪರೀಕ್ಷೆಗಳನ್ನೆಲ್ಲ ಹುಡುಕಿದಾಗ ಲೆಕ್ಕಕ್ಕೆ ಬಂದದ್ದು ಬರೀ ಮೂರು. ನಂಬಿಕೆಗೆ ತಕ್ಕ ಪುರಾವೆ ಇಲ್ಲವೆಂದು ಅವರು ಬರೆದರು. ಎರಡನ್ನೂ ಒಟ್ಟಿಗೆ ಇಟ್ಟು ಓದಿದರೆ ಒಂದು ಮಾತು ಹೊರಡುತ್ತದೆ. ನುಸ್ಖಾವನ್ನು ಪರೀಕ್ಷೆಗೆ ಒಡ್ಡಲು ಸಾಧ್ಯವೇ ಇಲ್ಲ, ಅದು ಒಬ್ಬೊಬ್ಬರಿಗೆ ಬೇರೆಯಲ್ಲವೇ ಎಂಬ ನಮ್ಮವರ ಹಳೆಯ ನೆಪ ಸುಳ್ಳು. ಸಾಧ್ಯವಿದೆ, ಮಾಡಿ ತೋರಿಸಿದ್ದಾರೆ.

ನೆಪಕ್ಕೆ ಬೇರು ಇರುವುದು ಗುಟ್ಟಿನಲ್ಲಿ. ‘ಸದ್ರಿ ನುಸ್ಖಾ’ ಎಂದರೆ ಎದೆಯೊಳಗಿನದು, ಅಪ್ಪನಿಂದ ಮಗನಿಗೆ, ಹೆಣ್ಣುಮಕ್ಕಳಿಗಂತೂ ಇಲ್ಲವೇ ಇಲ್ಲ. ಗುಟ್ಟಿನ ಪುಡಿಯೊಳಗೆ ಏನಿದೆಯೆಂದು ರೋಗಿ ಕೇಳಬಾರದು. 2004ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಅಮೆರಿಕದ ಬೋಸ್ಟನ್ ಸುತ್ತಲಿನ ಅಂಗಡಿಗಳಲ್ಲಿ ಕೊಂಡ ದಕ್ಷಿಣ ಏಷ್ಯಾದ 70 ಆಯುರ್ವೇದ ಉತ್ಪನ್ನಗಳನ್ನು ಪರೀಕ್ಷಿಸಿದಾಗ 14ರಲ್ಲಿ ಸೀಸ, ಪಾದರಸ ಇಲ್ಲವೇ ಆರ್ಸೆನಿಕ್ ಸಿಕ್ಕಿತು. ಅವು ಪಟ್ಟಿಯಿದ್ದ ಡಬ್ಬಿಗಳು. ಪಟ್ಟಿಯೇ ಇಲ್ಲದ ಪೊಟ್ಟಣದ ಗತಿ ಏನು? ಕೀಲುನೋವಿಗೂ ದಮ್ಮಿಗೂ ಮೂರೇ ದಿನದಲ್ಲಿ ‘ಜಾದೂ’ ಮಾಡುವ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸುವ ದಂಧೆ ಯಾರಿಗೂ ಹೊಸದಲ್ಲ. ಉರ್ದುವಿನಲ್ಲಿ ‘ನೀಮ್ ಹಕೀಮ್ ಖತ್ರಾ-ಎ-ಜಾನ್’ ಎನ್ನುತ್ತಾರೆ, ಕನ್ನಡದಲ್ಲಿ ಅಳಲೆಕಾಯಿ ಪಂಡಿತ. ಎರಡು ಭಾಷೆಯವರಿಗೂ ಆಸಾಮಿ ಪರಿಚಿತನೇ.

ಇನ್ನು ಮೊಬೈಲಿನ ನುಸ್ಖಾಗಳು. ಫಜ್ರ್ ನಮಾಜು ಮುಗಿಸಿ ನೋಡಿದರೆ ಆಗಲೇ ನಾಲ್ಕು ಬಂದಿರುತ್ತವೆ. ಮೂರರಲ್ಲಿ ಪ್ರವಾದಿ(ಸ)ಯವರ ಹೆಸರಿದೆ. ಕಲೋಂಜಿಯ ಎಣ್ಣೆ ಕುಡಿದರೆ ಇನ್ಸುಲಿನ್ ಬಿಡಬಹುದೆಂದು ಒಂದರಲ್ಲಿ. ಅದನ್ನು ಕಳಿಸಿದವನ ಅಂಗಡಿಯಲ್ಲೇ ಎಣ್ಣೆ ಸಿಗುತ್ತದೆಂದು ಕೆಳಗೆ. ಕಲೋಂಜಿಯ ಕುರಿತ ಪ್ರಸಿದ್ಧ ಹದೀಸನ್ನು ನಾವು ಗೌರವದಿಂದಲೇ ಓದುತ್ತೇವೆ. ಆದರೆ ಪ್ರವಾದಿವೈದ್ಯದ ಬಗ್ಗೆ ಹೆಸರಾಂತ ಪುಸ್ತಕ ಬರೆದ ಇಬ್ನುಲ್ ಖಯ್ಯಿಂ ಅವರೇ ಅದನ್ನು ಶೀತ ಪ್ರಕೃತಿಯ ರೋಗಗಳಿಗೆ ಅನ್ವಯಿಸಿ ಅರ್ಥೈಸಿದ್ದಾರೆ. ಇಬ್ನ್ ಖಲ್ದೂನ್ ತಮ್ಮ ಮುಖದ್ದಿಮಾದಲ್ಲಿ ಇನ್ನೂ ಮುಂದಕ್ಕೆ ಹೋಗಿ, ಪ್ರವಾದಿಯವರು ಬಂದದ್ದು ಶರೀಅತ್ ಕಲಿಸಲು, ವೈದ್ಯ ಕಲಿಸಲು ಅಲ್ಲ ಎಂಬ ಅರ್ಥದ ಮಾತು ಬರೆದರು. ಆರು ನೂರು ವರ್ಷಗಳ ಹಿಂದೆ ಒಬ್ಬ ಮುಸ್ಲಿಂ ವಿದ್ವಾಂಸ ಧೈರ್ಯವಾಗಿ ಬರೆದದ್ದನ್ನು ಇಂದು ನಮ್ಮ ಮೊಹಲ್ಲಾದಲ್ಲಿ ಹೇಳಿದರೆ ಎಷ್ಟು ಮುಖಗಳು ಬಿಗಿಯುತ್ತವೆ! ಸಕ್ಕರೆ ಕಾಯಿಲೆ ಗುಣಪಡಿಸುತ್ತೇವೆಂದು ಜಾಹೀರಾತು ಕೊಡುವುದನ್ನು 1954ರ ಕಾಯ್ದೆಯೇ ನಿಷೇಧಿಸಿದೆ. ಹದೀಸಿನ ಹೆಸರಿನಲ್ಲಿ ಕೊಟ್ಟರೆ ಅದು ಜಾಹೀರಾತಲ್ಲವೇ? ಇನ್ಸುಲಿನ್ ಬಿಟ್ಟು ಕಾಲಿನ ಬೆರಳು ಕಳೆದುಕೊಂಡವರ ಬಳಿ ಎಣ್ಣೆಯವನು ಹೋಗುವುದಿಲ್ಲ. ಅಂಥವರ ಮನೆಗೆ ಅಯಾದತ್‌ಗೆ ಹೋಗುವವರು ನಾವು ನೀವೇ.

ಕಾನೂನು ಒಂದು ಬಾಗಿಲು ತೆರೆದಿಟ್ಟಿದೆ, ಅದು ಹಲವರಿಗೆ ಗೊತ್ತಿಲ್ಲ. 1940ರ ಔಷಧ ಕಾಯ್ದೆಯಲ್ಲಿ ಆಯುರ್ವೇದ ಮತ್ತು ಯುನಾನಿಗೆ 1964ರಲ್ಲಿ ಬೇರೆ ಅಧ್ಯಾಯ ಸೇರಿತು. ತಯಾರಿಸಿ ಮಾರಲು ಪರವಾನಗಿ ಬೇಕು. ಆದರೆ ಸ್ವಂತ ರೋಗಿಗಳ ಬಳಕೆಗೆಂದು ಮದ್ದು ತಯಾರಿಸಿಕೊಳ್ಳುವ ವೈದ್ಯರಿಗೂ ಹಕೀಮರಿಗೂ ಅದರಿಂದ ವಿನಾಯಿತಿ ಇದೆ. ನುಸ್ಖಾ ಬದುಕಿರುವುದು ಈ ಒಂದು ವಾಕ್ಯದ ನೆರಳಲ್ಲಿ. ಪುಡಿಯಲ್ಲಿ ಸ್ಟೀರಾಯ್ಡ್ ಬೆರೆಸುವವನು ಅಡಗಿರುವುದೂ ಅದೇ ನೆರಳಲ್ಲಿ. ವಿನಾಯಿತಿ ತೆಗೆದುಹಾಕಿ ಎನ್ನುವವರ ಜೊತೆ ನಾವಿಲ್ಲ. ಹಾಗೆ ಮಾಡಿದರೆ ಡಬ್ಬಿಯೊಂದೇ ಉಳಿಯುತ್ತದೆ. ವಿನಾಯಿತಿ ಬೇಕೆನ್ನುವ ಹಕೀಮರು ಪೊಟ್ಟಣದ ಜೊತೆ ಚೀಟಿಯನ್ನೂ ಕೊಡಲಿ, ರೋಗಿ ಓದಬಲ್ಲ ಭಾಷೆಯಲ್ಲಿ ಏನೇನು ಎಷ್ಟೆಷ್ಟು ಎಂದು ಬರೆಯಲಿ, ಒಂದು ಪ್ರತಿ ತಮ್ಮಲ್ಲಿ ಇಟ್ಟುಕೊಳ್ಳಲಿ. ಆಸ್ಪತ್ರೆಗೆ ಒಯ್ದ ರಾತ್ರಿ ಡಾಕ್ಟರು ‘ಏನು ತಿಂದಿದ್ದರು?’ ಎಂದು ಕೇಳಿದಾಗ ತೋರಿಸಲು ಮನೆಯವರ ಕೈಯಲ್ಲಿ ಏನಾದರೂ ಇರಬೇಕಲ್ಲ. ಬೆಂಗಳೂರಿನ ಮಾಗಡಿ ರಸ್ತೆಯಲ್ಲಿ ರಾಷ್ಟ್ರೀಯ ಯುನಾನಿ ಸಂಸ್ಥೆಯೇ ಇರುವಾಗ ಇದನ್ನು ಕರ್ನಾಟಕದಿಂದಲೇ ಶುರು ಮಾಡಬಹುದು. ಚೀಟಿ ಕನ್ನಡದಲ್ಲಿದ್ದರೆ ಹುವಶ್ಶಾಫಿಗೆ ಯಾವ ಧಕ್ಕೆಯೂ ಇಲ್ಲ.

ಕೊನೆಯದಾಗಿ, ಹಳೆಯ ಮನೆಗಳ ಕಪಾಟುಗಳಲ್ಲಿ ಉಳಿದಿರುವ ಬಯಾಜ್‌ಗಳ ಬಗ್ಗೆ. ಬಯಾಜ್ ಎಂದರೆ ಹಕೀಮರು ತಮಗಾಗಿ ಬರೆದಿಟ್ಟುಕೊಂಡ ಪುಸ್ತಕ, ಹೆಚ್ಚಾಗಿ ಶಿಕಸ್ತಾ ಲಿಪಿಯಲ್ಲಿ. ಮೊಮ್ಮಕ್ಕಳಿಗೆ ಅದನ್ನು ಓದಲು ಬಾರದು. ಉರ್ದು ಕಲಿತ ನಮಗೇ ಒಂದು ಪುಟಕ್ಕೆ ಅರ್ಧ ಗಂಟೆ ಬೇಕಾಗುತ್ತದೆ. ಇವುಗಳಿಂದ ಆರಿಸಿದ ಮುಜರ್ರಬಾತ್ ಸಂಗ್ರಹಗಳನ್ನು, ಮನೆಮದ್ದಿನ ಕೈಪಿಡಿಗಳನ್ನು ಪ್ರಕಾಶಕರು ಅಚ್ಚು ಹಾಕುತ್ತಲೇ ಇರುತ್ತಾರೆ. ಸಂಪಾದಕರು ಇಟ್ಟುಕೊಳ್ಳುವುದು ಮದ್ದಿನ ಹೆಸರು, ತೂಕ, ರೋಗದ ಹೆಸರು. ಅಂಚಿನಲ್ಲಿ ಸಣ್ಣಕ್ಷರದಲ್ಲಿ ಇದ್ದದ್ದನ್ನು ಅವರು ಬಿಟ್ಟುಬಿಡುತ್ತಾರೆ: ನೇಕಾರ, ಐವತ್ತು ದಾಟಿದವನು, ರಾತ್ರಿ ನಿದ್ದೆ ಇಲ್ಲ, ಒಂಬತ್ತನೆಯ ದಿನ ಹೊಟ್ಟೆ ಕೆಟ್ಟಿತು, ಸನಾ ಎಲೆ ಅರ್ಧಕ್ಕಿಳಿಸಿದೆ. ಬಯಾಜ್ ಇರುವ ಮನೆಯವರಲ್ಲಿ ನಮ್ಮದೊಂದು ಕೋರಿಕೆ. ಅದನ್ನು ರದ್ದಿಯವನಿಗೂ ಕೊಡಬೇಡಿ, ಪ್ರಕಾಶಕರಿಗೂ ಸುಮ್ಮನೆ ಕೊಡಬೇಡಿ. ಅಂಚಿನ ಬರಹವನ್ನೂ ಓದಿ ಬರೆದುಕೊಳ್ಳುವವರು ಸಿಗುವವರೆಗೆ ಗೆದ್ದಲು ಹತ್ತದ ಜಾಗದಲ್ಲಿ ಇಟ್ಟುಕೊಂಡಿರಿ.